ಹೆಬ್ಬೆರಳಿನ ಉಗುರಿನಷ್ಟು

ಅಳೆದವಳು ನಾನೇ, ಮರದ ಸ್ಕೇಲಿನಲ್ಲಿ,
ಡುಲೂತ್ ಕೋರ್ಟಿನ ಮೂರನೆಯ ಮಹಡಿಯಲ್ಲಿ:
ಅಗಲ, ಅಂಗುಲಕ್ಕೆ ಒಂದು ನೂಲು ಕಡಿಮೆ,
ಎತ್ತರ ಮುಕ್ಕಾಲು.
ಹುಡುಕುಯಂತ್ರದ ಪುಟದಿಂದ ಅಚ್ಚು ಹಾಕಿದ್ದು,
ಸಾಕ್ಷ್ಯ ಸಂಖ್ಯೆ ಹದಿನಾಲ್ಕು.

ಪಕ್ಕದಲ್ಲಿ ಆರ್ಮಸ್ ಕಂಗಾಸ್ ತಂದ ಮೂಲಪ್ರತಿ.
ಮೇಜು ಸಾಲದೆ ಎರಡು ಕುರ್ಚಿ ಸೇರಿಸಿದೆವು.
ಹೆಪ್ಪುಗಟ್ಟಿದ ಸುಪೀರಿಯರ್ ಸರೋವರ,
ಒಂದೇ ಒಂದು ಉದ್ದನೆಯ ನೀಲಿ ಬಿರುಕು,
ಅದರಾಚೆ ಕೆಂಪು ಟೊಪ್ಪಿಗೆಯವನೊಬ್ಬ
ಮಂಜಿಗೆ ತೂತು ಕೊರೆದು ಗಾಳ ಬಿಟ್ಟು ಕೂತಿದ್ದ.

"ನಾಲ್ಕು ಗಂಟೆ ನಿಂತಿದ್ದೆ," ಎಂದರು ಕಂಗಾಸ್,
"ಬ್ಯಾಟರಿಯನ್ನು ಕಂಕುಳಲ್ಲಿ ಕಾಯಿಸಿಕೊಳ್ಳುತ್ತ.
ಈ ಎರಡು ಬೆರಳು ಇನ್ನೂ ಜುಂ ಅನ್ನುತ್ತವೆ.
ಕೇಳದೆ ತೆಗೆದುಕೊಂಡರು."

ಕಂಪನಿಯ ವಕೀಲೆ ದನಿ ಏರಿಸಲಿಲ್ಲ:
ಇದು ಚಿತ್ರವಲ್ಲ, ಕೈಮರ.
ಹೆಸರು ಬರೆದುಕೊಂಡ ಮಾತ್ರಕ್ಕೆ
ಕೈಮರ ಊರನ್ನೇ ಕದ್ದಂತಾಯಿತೆ?
ಹಿಗ್ಗಿಸಿ ಗೋಡೆಗೆ ತೂಗುಹಾಕಿ ನೋಡಿ,
ಬರೀ ಚೌಕ ಚೌಕ. ಕನ್ನಡಿಯೊಳಗಿನ ಗಂಟು.

ನ್ಯಾಯಾಧೀಶೆ ಕನ್ನಡಕ ಹಣೆಗೇರಿಸಿ
ಎರಡನ್ನೂ ನೋಡಿದರು, ತುಂಬ ಹೊತ್ತು.
ನನಗೋ ಚಿಕ್ಕದರಲ್ಲಿ ಒಂದೇ ಹುಡುಕಾಟ:
ಕೆಂಪು ಟೊಪ್ಪಿಗೆ ಎಲ್ಲಿ?
ಭೂತಗನ್ನಡಿ ಹಿಡಿದೆ. ಬಿಳಿ, ಬಿಳಿ, ಬೂದು.
ಕುಗ್ಗಿಸುವಾಗ ಯಂತ್ರ ಆತನನ್ನು
ಹಿಮದೊಂದಿಗೆ ಸರಾಸರಿ ಮಾಡಿಬಿಟ್ಟಿತ್ತು.

ತೀರ್ಪು ಏಪ್ರಿಲ್ಲಿನಲ್ಲಿ, ಮಂಜು ಒಡೆಯುವ ವಾರ:
ಚಿಕ್ಕದಕ್ಕೆ ಅಡ್ಡಿಯಿಲ್ಲ, ಅದು ನ್ಯಾಯವಾದ ಬಳಕೆ.
ದೊಡ್ಡದನ್ನೆತ್ತಿ ಕ್ಯಾಲೆಂಡರ್ ಮಾರಿದವನ ಮೇಲೆ
ಬೇಕಿದ್ದರೆ ಬೇರೆ ದಾವೆ ಹೂಡಬಹುದು.
ಕಂಗಾಸ್ ಟೋಪಿ ತಿರುವುತ್ತ ಕೂತಿದ್ದರು,
ಗೆದ್ದೆನೋ ಸೋತೆನೋ ಯಾರಾದರೂ ಹೇಳಲಿ ಎಂಬಂತೆ.

ಮೂಲಪ್ರತಿ ಮರಳಿಸಲು ನಾನು ಹೋದ ದಿನ
ಅವರ ಅಂಗಡಿಯಲ್ಲಿ ಒಬ್ಬಾಕೆ ನಿಂತಿದ್ದಳು,
ಥಂಡರ್ ಬೇಯಿಂದ ಗಡಿ ದಾಟಿ ಬಂದವಳು,
ಡೆಲ್ಫಿನ್ ಬುಶೇ.
ಸರೋವರದ ಹೆಸರು, ಆ ಚಳಿಗಾಲದ ಇಸವಿ
ಟೈಪಿಸಿ ಟೈಪಿಸಿ ಹುಡುಕಿದೆ,
ಉಗುರಿನಷ್ಟು ಚಿತ್ರ ಒತ್ತಿ ಒಳಗೆ ಬಂದೆ, ಎಂದಳು.

ನಾನು ಕಟ್ಟು ಬಿಚ್ಚಿದೆ. ಆಕೆ ಬಗ್ಗಿ
ಟೊಪ್ಪಿಗೆಯ ಮೇಲೆ ಬೆರಳು ಹಿಡಿದಳು, ಮುಟ್ಟಲಿಲ್ಲ.
"ಅಮ್ಮ ಹೆಣೆದದ್ದು. ಆ ಮಾರ್ಚಿಯಲ್ಲೇ ಅಪ್ಪ
ಮಂಜಿನಡಿ ಹೋದರು."

ಕಂಗಾಸ್ ದುಡ್ಡು ಬೇಡವೆಂದರು,
ಪ್ರತಿಯನ್ನು ಸುರುಳಿ ಸುತ್ತತೊಡಗಿದರು.
"ಒಂದು ಮಾತು," ಎಂದಳು ಆಕೆ,
ದನಿಯಲ್ಲಿ ಸಿಟ್ಟಿರಲಿಲ್ಲ,
"ತೆಗೆಯುವಾಗ ಅವರನ್ನು ಕೇಳಿದ್ದಿರಾ?"

ಸುರುಳಿ ಅರ್ಧಕ್ಕೆ ನಿಂತಿತು.
ಕಂಗಾಸ್ ಆ ಎರಡು ಬೆರಳುಗಳನ್ನು
ಮೆಲ್ಲಗೆ ನೀವಿಕೊಂಡರು.