ಮುಕ್ಕಾಲು ಇಂಚು

ಆಂಬುಲೆನ್ಸೊಂದರ ಹೊಟ್ಟೆಯಿಂದ ಕಿತ್ತು ತಂದದ್ದು,
ಯಾರ್ಕ್‌ಟನ್ನಿನ ಗುಜರಿಯಲ್ಲಿ, ಆರುನೂರು ಡಾಲರಿಗೆ.
"ನಾನೂರ ಅರವತ್ತು ಘನ ಇಂಚು" ಎಂದ ನೆಸ್ಟರ್,
ಮೊಮ್ಮಗುವಿನ ತೂಕ ಹೇಳುವವನ ಹಾಗೆ.
ನಾನು ಕೇಳಿದ್ದು ಒಂದೇ: ಇದನ್ನ ಎಲ್ಲಿ ಇಡ್ತೀಯ?

ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಗ್ಯಾರೇಜಿನೊಳಗೆ ಡೀಸೆಲ್ ಹೀಟರು ಕೆಮ್ಮಿ ಕೆಮ್ಮಿ
ಮೊಣಕಾಲಿನ ತನಕ ಮಾತ್ರ ಬೇಸಿಗೆ ತಂದಿತ್ತು.
ಮೂತಿ ಕಳಚಿ ನಿಂತಿತ್ತು ಮಾವನ ಮರ್ಕ್ಯುರಿ,
ಐವತ್ತೊಂದರ ಪಿಕಪ್,
ಬಟಾಣಿ ಸಿಪ್ಪೆಯ ಹಸಿರು, ಬಾಗಿಲಂಚಿಗೆ ತುಕ್ಕಿನ ಕಸೂತಿ.

ಹಳೆಯ ಎಂಜಿನ್ನು ಬಿಚ್ಚಲು ಎರಡು ಭಾನುವಾರ.
ಒಂದು ಬೋಲ್ಟು ಮೂರು ದಿನ ಹಟ ಹಿಡಿಯಿತು.
ಎಣ್ಣೆ ಕುಡಿಸಿದೆವು, ಬೆಂಕಿ ತೋರಿಸಿದೆವು,
ಕೊನೆಗೆ ಅವನು ಉಕ್ರೇನಿಯನ್ನಿನಲ್ಲಿ ಬೈದ.
ಅಪ್ಪ ಹೋದ ಮೇಲೆ ಆ ಭಾಷೆ
ಈಸ್ಟರಿನ ಪ್ರಾರ್ಥನೆಗೆ, ಕಚ್ಚಿಕೊಂಡ ಬೋಲ್ಟಿಗೆ
ಮಾತ್ರ ಉಳಿದಿದೆ.
ಕೈ ಕೆಸರಾದರೆ ಬಾಯಿ ಮೊಸರಂತೆ.
ಕೈ ಗ್ರೀಸಾದರೆ ಬಾಯಿ ಏನಾಗುತ್ತದೆಂದು
ಆ ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ.

ನನ್ನ ಕೆಲಸ ಟಾರ್ಚು ಹಿಡಿಯುವುದು.
ಮೂವತ್ತಾರು ವರ್ಷದಲ್ಲಿ ಒಮ್ಮೆಯೂ
ಸರಿಯಾದ ಕಡೆ ಹಿಡಿದವಳಲ್ಲ.
"ಅಲ್ಲಲ್ಲ, ಇಲ್ಲಿ."
ಇಲ್ಲಿ ಎಂದರೆ ಅವನ ಕಣ್ಣು ನೆಟ್ಟಲ್ಲಿ;
ಕಣ್ಣು ಟ್ರಕ್ಕಿನಡಿ,
ನನಗೆ ಕಾಣುವುದು ಬರೀ ಬೂಟು.

ಲೋರ್ನ್ ಕಡ ಕೊಟ್ಟ ಕ್ರೇನಿನ ಸರಪಳಿಗೆ ಜೋತು
ದೊಡ್ಡದು ಇಳಿಯಿತು, ತೂಗುತ್ತ, ತಿರುಗುತ್ತ,
ಒಲ್ಲದ ಹೋರಿಯನ್ನು ದೋಣಿಗೆ ಇಳಿಸಿದ ಹಾಗೆ.
ಇಳಿಯಿತು, ಇಳಿಯಿತು,
ನಿಂತಿತು.
ಬೆನ್ನು ತಗುಲಿತ್ತು ಹಿಂದಿನ ತಗಡಿಗೆ,
ಎಂಜಿನ್ನಿಗೂ ನಮ್ಮ ಮೊಣಕಾಲಿಗೂ ನಡುವಿನ ಗೋಡೆಗೆ.
ನೆಸ್ಟರ್ ಟೇಪು ಹಿಡಿದ. ಮತ್ತೆ ಹಿಡಿದ.
ಮುಕ್ಕಾಲು ಇಂಚು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ಕಾಲು ಆಗಲೇ ಕೊಂಡಾಗಿದೆ, ರಸೀದಿಯೂ ಇದೆ.
ಇನ್ನು ಹಾಸಿಗೆಯನ್ನೇ ಬಡಿದು ಹಿಗ್ಗಿಸಬೇಕು.

ಎಂಜಿನ್ನನ್ನು ಮತ್ತೆ ಮೇಲೆತ್ತಿ
ಸುತ್ತಿಗೆ ಎತ್ತಿದವನು ಇಳಿಸಲಿಲ್ಲ.
ಭುಜ ಹಿಡಕೊಂಡಿದೆ, ಎಂದ.
ಭುಜವಲ್ಲ ಅದು.
ಒನುಫ್ರಿ ಮಾವ ಆ ತಗಡಿನ ಹಿಂದೆ ಕೂತೇ
ಗೋಧಿ ಸಾಗಿಸಿದ್ದು,
ಹಿಮ ಸುರಿವ ರಾತ್ರಿ ಸೂಲಗಿತ್ತಿಯನ್ನು ಕರೆತಂದದ್ದು.
ಆ ಸೂಲಗಿತ್ತಿಯ ಕೈಗೆ ಬಿದ್ದವನೇ ಇವನು.

"ಟಾರ್ಚು ನೀನು ಹಿಡಿ," ಅಂದೆ.
ಕೋಟು ಕಳಚಿ, ಎಂಜಿನ್ನಿಲ್ಲದ ಗೂಡಿಗೆ ಇಳಿದು,
ಫ್ರೇಮಿನ ಮೇಲೊಂದು ಕಾಲು, ನೆಲಕ್ಕೊಂದು ಕಾಲು,
ಹದಿನೇಳು ಏಟು.
ಮೊದಲನೆಯದಕ್ಕೆ ಅವನು ಕಣ್ಣು ಮುಚ್ಚಿದ,
ಐದನೆಯದಕ್ಕೆ "ಸ್ವಲ್ಪ ಎಡಕ್ಕೆ" ಎಂದ,
ಹತ್ತರ ಹೊತ್ತಿಗೆ ಬೈಯತೊಡಗಿದ.
ಸರಿಹೋಯಿತು, ಅಂದುಕೊಂಡೆ.
ಬೆಳಕು ಮಾತ್ರ ಒಮ್ಮೆಯೂ
ನನಗೆ ಬೇಕಾದಲ್ಲಿ ಬೀಳಲಿಲ್ಲ.

ಏಪ್ರಿಲಿನಲ್ಲಿ ಅದು ಬಾಯಿ ಬಿಟ್ಟಾಗ
ಮಾಡಿನ ಹಿಮವಷ್ಟೂ ಜಾರಿ ಕಿಟಕಿ ಮುಚ್ಚಿತು,
ನಟ್ಟುಗಳ ಜಾಡಿ ತಾನೇ ನಡೆದು ಹೋಗಿ
ಮೇಜಿನಿಂದ ಹಾರಿಕೊಂಡಿತು.
ನೆಸ್ಟರ್ ಕೂಡಲೇ ಕೀಲಿ ತಿರುಗಿಸಿ ನಿಲ್ಲಿಸಿದ.
ತುಂಬ ಹೊತ್ತು ಇಳಿಯಲಿಲ್ಲ.

ಹಳೆಯದು ಮೂಲೆಯಲ್ಲಿ ರಗ್ಗು ಹೊದ್ದು ಕೂತಿದೆ.
ಬೆಕ್ಕು ಈಗಲೂ ಮಲಗುವುದು ಅದರ ಮೇಲೆಯೇ,
ಇವತ್ತಲ್ಲ ನಾಳೆ ಬಿಸಿಯಾದೀತೆಂದು.

ಕ್ಯಾನೋರಾ ಕಡೆಯ ಜಲ್ಲಿ ರಸ್ತೆಯಲ್ಲಿ
ಅಷ್ಟು ದೊಡ್ಡ ಎಂಜಿನ್ನನ್ನು ಅವನು
ನಲವತ್ತರಲ್ಲಿ ಓಡಿಸುತ್ತಾನೆ.
ಟ್ರ್ಯಾಕ್ಟರುಗಳು ದಾಟಿ ಹೋಗುತ್ತವೆ,
ಹುಡುಗರು ಕೈ ಬೀಸುತ್ತಾರೆ.
ನಾನು ಏನೂ ಕೇಳಿಲ್ಲ.
ಪಕ್ಕದಲ್ಲಿ ಕೂತ ನನ್ನ ಮೊಣಕಾಲಿಗೆ
ಆ ತಗಡಿನ ಉಬ್ಬು ತಾಗುತ್ತದೆ, ಬೆಚ್ಚಗೆ.
ಮುಕ್ಕಾಲು ಇಂಚಿಗಿಂತ
ತುಸು ಹೆಚ್ಚೇ ಬಡಿದಿದ್ದೆ.
ಅದನ್ನೂ ಹೇಳಿಲ್ಲ.