ಸೊಂಟಕ್ಕೆ ಮರಳುವ ಕೈ

ಗುದೈಬಿಯಾದ ಆರು ಮಹಡಿಯ ಮೇಲೆ, ತಾರಸಿಯಲ್ಲಿ,
ಡಿಶ್ಶುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತಿರುವಲ್ಲಿ
ಶುಕ್ರವಾರ ಬೆಳಿಗ್ಗೆ ಐದೂವರೆಗೆ ನಮ್ಮ ಕ್ಲಾಸು.
ಏಳಾದರೆ ಸಿಮೆಂಟು ಕಾವಲಿ.
ಹನ್ನೊಂದು ಮಕ್ಕಳು, ಹಳದಿ ಹಸಿರು ಬೆಲ್ಟು.
ಕೊನೆಯ ಸಾಲಲ್ಲಿ ನಾನು,
ನಲವತ್ತಮೂರರ ನರ್ಸಮ್ಮ, ಬಿಳಿ ಬೆಲ್ಟು.

ಸೆವ್ರಿನ್ ಮಾಸ್ತರು ಬಂದರಿನ ಉಗ್ರಾಣದವರು.
ಎಡಗೈ ಕಿರುಬೆರಳನ್ನು ಫೋರ್ಕ್‌ಲಿಫ್ಟಿಗೆ ಕೊಟ್ಟು
ಉಳಿದ ಒಂಬತ್ತರಲ್ಲಿ ಕಲಿಸುತ್ತಾರೆ.
ಯಾಕೆ ಸೇರಿದೆ ಎಂದು ಕೇಳಲಿಲ್ಲ.
ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬರುವುದನ್ನು ನೋಡಿದ್ದರು.

ಕತಾ ಅಂದರೆ ಕತೆ ಅಂದುಕೊಂಡಿದ್ದೆ ನಾನು.
ತಪ್ಪೇನಲ್ಲ, ಅಂದರು. ಹೇಳುವವರೇ ಮರೆತ ಕತೆ.

"ಇದಕ್ಕೆ ಕೆಳತಡೆ ಅಂತ ಹೆಸರು, ತಡೆಯುವುದೇನಿಲ್ಲ ಮಾರಾಯ್ತಿ.
ಒದೆಯುವ ಕಾಲಿಗೆ ಮುಂಗೈ ಕೊಟ್ಟರೆ ಮುರಿಯುವುದು ನಿನ್ನದೇ.
ಮಣಿಕಟ್ಟು ಹಿಡಿದವನ ಮೊಣಕೈಗೆ
ನೆಲದ ದಾರಿ ತೋರಿಸುವುದು ಇದು.
ಗರ್ರನೆ ತಿರುಗುತ್ತೀಯಲ್ಲ, ಹಿಂದೆ ಇನ್ನೊಬ್ಬ ಬಂದನೆಂದಲ್ಲ,
ಇದ್ದವನನ್ನೇ ಸುತ್ತಿಸಲಿಕ್ಕೆ,
ಕಡೆಯುವ ಕಲ್ಲಿನ ಗುಂಡಿನ ಹಾಗೆ.
ಮತ್ತೆ ಈ ಕೈ, ಸೊಂಟಕ್ಕೆ ಮರಳುವ ಕೈ,
ಚಂದಕ್ಕೆ ಅಂದುಕೊಂಡಿದ್ದಾರೆ ಎಲ್ಲರೂ.
ಬಾವಿಯಿಂದ ಬರೀ ಹಗ್ಗ ಯಾರು ಸೇದುತ್ತಾರೆ?
ಅದರ ತುದಿಯಲ್ಲಿ ಯಾವಾಗಲೂ ಯಾರೋ ಇದ್ದಾರೆ."

ಅಂದಿನಿಂದ ನನ್ನ ಖಾಲಿ ಮುಷ್ಟಿಯೊಳಗೆ ಒಂದು ತೋಳು.
ಸೆಂಟಿನ ವಾಸನೆ, ದಪ್ಪ ಗಡಿಯಾರ,
ನಾಲ್ಕನೇ ಮಹಡಿಯಿಂದ ತಳದವರೆಗೆ.
ವಾರವಾರ ಎಳೆದೆ, ಸುತ್ತಿಸಿದೆ, ಕೆಳಗೆ ಕಳಿಸಿದೆ.
ಮಕ್ಕಳು ಎಣಿಸುತ್ತಿದ್ದರು: ಇಚಿ, ನಿ, ಸಾನ್.
ಅವನು ಮತ್ತೆ ಎದುರಾಗಲೇ ಇಲ್ಲ. ವೀಸಾ ಮುಗಿದು ಹೋದನಂತೆ.

ಹಿಡಿದದ್ದು ಉಮ್ಮ್ ಘಾನಿಮ್.
ತೊಂಬತ್ತೊಂದು ವಯಸ್ಸು, ಮುಹರ್ರಕಿನ ಹಳೇ ಮನೆ, ರಾತ್ರಿ ಪಾಳಿ.
ಸಕ್ಕರೆ ನೋಡಲು ಬೆರಳು ಮುಟ್ಟಿದೆ, ಅಷ್ಟೇ.
ಕಳ್ಳಿ ಅಂದುಕೊಂಡಳೋ, ಅಣ್ಣನನ್ನು ಒಯ್ದ ಕಡಲು ಅಂದುಕೊಂಡಳೋ,
ಒಂದು ಕೈಯಲ್ಲಿ ನನ್ನ ಜುಟ್ಟು, ಇನ್ನೊಂದರಲ್ಲಿ ಮಣಿಕಟ್ಟು.
ಏಡಿಯ ಪಟ್ಟು.

ಕೈ ತಾನಾಗಿ ಸೊಂಟಕ್ಕೆ ಹೊರಟಿತು.
ಎದುರಿಗೆ ಹಕ್ಕಿಮೂಳೆಯಂಥ ಮೊಣಕೈ,
ಕೆಳತಡೆಗೆ ಇನ್ನೆರಡು ಬೆರಳು ದೂರ.

ಅಲ್ಲಿ ನಿಂತಿತು.

ಅವಳ ಹೆಬ್ಬೆರಳ ಕಡೆಗೆ ಮಣಿಕಟ್ಟು ತಿರುವಿದೆ,
ತುಕ್ಕು ಹಿಡಿದ ಬೀಗದಲ್ಲಿ ಕೀಲಿಯಂತೆ, ನಿಧಾನ.
ಬಿಟ್ಟಿತು.
ಜುಟ್ಟು ಹಿಡಿದ ಕೈಯ ಮೇಲೆ ನನ್ನ ಕೈ ಒತ್ತಿ ಇಟ್ಟೆ,
ಅದೂ ಕತಾದಲ್ಲಿದೆ, ಕಿವಿಯ ಪಕ್ಕ ಮುಷ್ಟಿ ಏರುವಲ್ಲಿ.
ಎಳೆತ ನಿಂತಿತು.
ಹಾಗೇ ಇದ್ದೆವು ತುಸು ಹೊತ್ತು, ಫೋಟೋಕ್ಕೆ ನಿಂತವರಂತೆ.
"ಬಿಂತಿ," ಅಂದಳು. ಮಗಳೇ. ಯಾವ ಮಗಳೋ.
ಸಕ್ಕರೆ ಹನ್ನೊಂದು ಪಾಯಿಂಟ್ ಒಂಬತ್ತು. ಬರೆದುಕೊಂಡೆ.
ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಡುಗಿದೆ.

ಮಾಸ್ತರಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡರು.
"ಎಡಗಾಲು ಎಲ್ಲಿತ್ತು?"
ನೆನಪಿಲ್ಲ, ಅಂದೆ.
"ಹಾಗಾದರೆ ಮತ್ತೆ ಮೊದಲಿಂದ."

ಏಳಕ್ಕೆ ಇನ್ನೂ ಹತ್ತು ನಿಮಿಷ.
ಸಿಮೆಂಟು ಕಾಯತೊಡಗಿತ್ತು.