ಪೋಕ್ಕುವರವ್

ಕುಂಬಳೆಯ ವಿಲೇಜ್ ಆಫೀಸಿನಲ್ಲಿ ಇದಕ್ಕೆ
ಪೋಕ್ಕುವರವ್ ಅನ್ನುತ್ತಾರೆ.
ಹೋಗುವುದು, ಬರುವುದು.
ಅಕ್ಕನ ಹೆಸರು ಹೋಗಬೇಕು, ನನ್ನದು ಬರಬೇಕು,
ನಡುವೆ ಒಂದು ಅರ್ಜಿ, ಒಂದು ಸ್ಟಾಂಪು,
ಮತ್ತೆ ಬುಧವಾರ ಬನ್ನಿ.

ಮಂಗಳೂರಿನ ಆಸ್ಪತ್ರೆಗೆ ಹೊರಟ ದಿನ
ಅಕ್ಕ ಆಟೋದಿಂದ ತಲೆ ಹೊರಹಾಕಿ
"ಹೋಗಿ ಬರ್ತೇನೆ, ಕೋಳಿಗೆ ತೌಡು ಹಾಕು" ಅಂದಳು.
ಮಾತಿನ ಮೊದಲರ್ಧ ಮಾತ್ರ ನಡೆಸಿದಳು.

ಎಂಟು ಸೆಂಟು ಮುರಕಲ್ಲಿನ ಜಾಗ.
ಮೂವತ್ತು ವರ್ಷ ಬೀಡಿ ಕಟ್ಟಿ ಕೊಂಡದ್ದು,
ಸಾವಿರಕ್ಕೆ ಇಷ್ಟು ಅಂತ. ಯಾರು ಯಾರೋ
ಊದಿ ಬಿಟ್ಟ ಹೊಗೆಯಿಂದ ಎದ್ದ ಅಡಿಪಾಯ.
ಹಂಚಿನ ಮನೆ, ಗೇರುಮರ, ಬಾವಿ.

ಆಧಾರದಲ್ಲಿ ಅವಳು ವಾರಿಜಾಕ್ಷಿ.
ರೇಷನ್ ಕಾರ್ಡಿನಲ್ಲಿ ಬರೀ ವಾರಿಜ,
ಮಲಯಾಳಕ್ಕೆ ಹೋಗಿ ಮರಳುವಾಗ
ದಾರಿಯಲ್ಲೆಲ್ಲೋ ಕಣ್ಣು ಕಳಕೊಂಡವಳು.
"ಇಬ್ಬರೂ ಒಬ್ಬಳೇ ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಕು ಚೇಚಿ."
ಪಯ್ಯನ್ನೂರಿನ ಹುಡುಗ, ಹೊಸತಾಗಿ ಬಂದವನು, ಒಳ್ಳೆಯವನು,
ನನ್ನ ಮಲಯಾಳ ಕೇಳಿ ನಗಲಿಲ್ಲ.
ನನಗೇ ನಗು ಬಂತು:
ಬದುಕಿದ್ದಾಗ ಮೂರು ಜನರ ಕೆಲಸ ಒಬ್ಬಳೇ ಮಾಡಿದಳು,
ಆಗ ಯಾರೂ ಪತ್ರ ಕೇಳಲಿಲ್ಲ.

ಒಳಿಮುರಿಗೆ ಸಹಿ ಹಾಕಲು ಅಣ್ಣ ಉಪ್ಪಳದಿಂದ ಬಂದ.
ಅಕ್ಕನೊಡನೆ ಹದಿನಾರು ವರ್ಷ ಮಾತಿರಲಿಲ್ಲ.
ಕಾರಣ ಒಂದು ಹೊಲಿಗೆ ಮಿಷಿನು,
ಅಥವಾ ಅದರ ನೆಪದಲ್ಲಿ ಬೇರೆ ಎಂತದೋ.
ಸಬ್ ರಿಜಿಸ್ಟ್ರಾರರ ಎದುರು ಪೆನ್ನು ಹಿಡಿದು
"ನನಗೆ ಎಂತದೂ ಬೇಡ" ಅಂದ.
ಎರಡು ಸಲ ಅಂದ.
ಎರಡನೆಯದು ಅಲ್ಲಿದ್ದ ಯಾರಿಗೂ ಅಲ್ಲ.
ಐತಪ್ಪ ಎಂದು ಕನ್ನಡದಲ್ಲೇ ಬರೆದು, ಕೆಳಗೆ ಗೆರೆ ಎಳೆದು,
ಹೆಬ್ಬೆರಳಿನ ಶಾಯಿಯನ್ನು ಮುಂಡಿನ ಒಳಮಡಿಗೆ ಒರಸಿದ.
ಹೋಟೆಲಿನಲ್ಲಿ ಚಹಾ ಆರಿಸುತ್ತಾ ಕೇಳಿದ:
"ಆ ಕತ್ತರಿ ಉಂಟಾ?"

ಎಲೆ ಕತ್ತರಿಸುವ ಕತ್ತರಿ, ಹಿಡಿಗೆ ಬಟ್ಟೆ ಸುತ್ತಿದ್ದು.
ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆ.
ಅದಕ್ಕೆ ಸರ್ವೆ ನಂಬರು ಇಲ್ಲ.

ಅಳೆಯುವವರು ಬಂದು ಟೇಪು ಎಳೆದರು.
ಬಾವಿಯ ಅರ್ಧ ಆಚೆ, ಆಸ್ಯಮ್ಮನ ಜಾಗದಲ್ಲಿ!
ಗಾಬರಿಯಾಗಿ ಅವಳ ಮುಖ ನೋಡಿದೆ.
ಅವಳು ಕೊಡ ಸೊಂಟಕ್ಕೇರಿಸಿ,
"ವಾರಿಜಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.
ಮತ್ತೆ ಎರಡು ರಾಟೆ ಯಾಕೆ ಅಂತ ಎಣಿಸಿದ್ದೀ?"
ಹುಡುಗ ನಕ್ಷೆಯಲ್ಲಿ ಸೊನ್ನೆ ಬರೆದು
ಅದರ ಹೊಟ್ಟೆಯ ಮೇಲೆ ಗೆರೆ ಎಳೆದ.
ನೀರಿಗೆ ಕಾಗದ ತಲುಪಲಿಲ್ಲ.

ಬುಧವಾರ. ಹೊಸ ತಂಡಪ್ಪೇರು, ಕರದ ರಶೀದಿ.
ಉರುಟುರುಟು ಮಲಯಾಳ ಅಕ್ಷರಗಳಲ್ಲಿ ನನ್ನ ಹೆಸರು.
ಒಂದೊಂದಾಗಿ ಕೂಡಿಸಿ ಓದಿದೆ:
ಸ, ರೋ, ಜಿ, ನಿ.
ನಾನೇ ಹೌದು.
ಹೌದೆನ್ನಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಗೆ ಬಂದು ರಶೀದಿಯನ್ನು ಅಕ್ಕನ ಬೀಡಿಮೊರದ ಕೆಳಗಿಟ್ಟೆ.
ಮೊರ ಎತ್ತುವಾಗ ಹೊಗೆಸೊಪ್ಪಿನ ಹುಡಿ ಹಾರಿ
ಮೂರು ಸಲ ಸೀನಿದೆ.
ಕೋಳಿಗಳು ಜಗಲಿಗೆ ಹತ್ತಿ ನಿಂತಿದ್ದವು,
ಯಾರ ಹೆಸರಿಗಾದರೂ ಸರಿ, ತೌಡು ಬೇಕು.
ಬಾವಿಯ ಆಚೆ ಬದಿಯಿಂದ ಆಸ್ಯಮ್ಮ ಕೂಗಿದಳು:
"ಬಿಸುವಿನ ಒಳಗೆ ಕೆಸರು ತೆಗೆಸಬೇಕು, ಸರೋಜಿನೀ.
ಕೂಲಿಯಲ್ಲಿ ಅರ್ಧ ನಿನ್ನದು."